ಗರಡಿಯ ಗುಂಡಿಗೊಂದು ತೂಕದ ಚೀಟಿ

ತೂಕದ ವಿಷಯದಲ್ಲಿ ಮನುಷ್ಯ ಸತ್ಯ ಹೇಳುವುದು ಅಪರೂಪ. ಮಗಳಿಗೆ ಹಾಕಿದ ಬಂಗಾರದ ಮಾತು ಬಂದಾಗ ಒಂದಿಷ್ಟು ಏರಿಸುತ್ತಾನೆ, ಡಾಕ್ಟರ ಮುಂದೆ ಮೈತೂಕ ಹೇಳುವಾಗ ಒಂದಿಷ್ಟು ಇಳಿಸುತ್ತಾನೆ. ಇದನ್ನು ನಾನು ಅನುಭವದಿಂದಲೇ ಹೇಳಬಲ್ಲೆ. ಹೊಸಪೇಟೆಯ ಹೊರಗೆ, ಲಾರಿ ತೂಗುವ ವೇಬ್ರಿಜ್ಜಿನಲ್ಲಿ ಹನ್ನೊಂದು ವರ್ಷ ಚೀಟಿ ಹರಿದು ಕೊಟ್ಟವನು ನಾನು. ಸಂಡೂರಿನ ಗುಡ್ಡಗಳು ಅದಿರಾಗಿ ಲಾರಿ ಹತ್ತಿ, ಚೀನಾದ ಹಡಗಿಗೆಂದು ಬಂದರಿನ ದಾರಿ ಹಿಡಿದಿದ್ದ ಕಾಲ ಅದು. ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಹೋದವನು ಸಂಜೆ ಇಟ್ಟಿಗೆ ಬಣ್ಣದವನಾಗಿ ಮನೆಗೆ ಬರುತ್ತಿದ್ದೆ. ಸರ್ಕಾರದ ಕಾಗದದಲ್ಲಿ ಒಂದು ಲಾರಿಗೆ ಇಷ್ಟೇ ಹೊರೆ ಎಂದು ಬರೆದಿರುತ್ತದಲ್ಲ, ಅದಕ್ಕೆ ನಮ್ಮಲ್ಲಿ ಪಾಸಿಂಗ್ ಎನ್ನುತ್ತಾರೆ. ಪಾಸಿಂಗ್ ಎಷ್ಟೋ, ಚೀಟಿಯಲ್ಲಿ ಅಷ್ಟೇ ಇರುತ್ತಿತ್ತು. ಅದರ ಮೇಲೆ ಹೇರಿದ್ದು ದೇವರಿಗೆ ಮತ್ತು ರಸ್ತೆಗೆ ಗೊತ್ತಿರುತ್ತಿತ್ತು. ಹೆಮ್ಮೆಯಿಂದ ಹೇಳುತ್ತಿಲ್ಲ, ಮುಂದಿನ ಕಥೆಗೆ ಬೇಕು ಎಂದು ಹೇಳುತ್ತಿದ್ದೇನೆ.

ಇಂಥ ನನ್ನನ್ನು ನಮ್ಮ ಓಣಿಯವರು ಜಿಮ್ಮಿನ ಸಾಮಾನು ಆರಿಸಲು ನೇಮಿಸಿದರು. ಕಾರಣ ಸರಳ. ಜಿಮ್ಮೆಂದರೆ ತೂಕ, ತೂಕವೆಂದರೆ ಈರಣ್ಣ. ಓಣಿಯ ಕೊನೆಯಲ್ಲಿ ಹಳೆಯದೊಂದು ಗರಡಿಮನೆ ಇತ್ತು. ಅದರ ಉಸ್ತಾದರು ದುರುಗಪ್ಪನವರು. ಮದುವೆ ಮಾಡಿಕೊಳ್ಳದೆ, ಗರಡಿಯ ಪಕ್ಕದ ಖೋಲಿಯಲ್ಲೇ ಇದ್ದು, ಶಿಷ್ಯರ ಮನೆಗಳಿಂದ ಸರದಿಯಂತೆ ಬರುವ ರೊಟ್ಟಿ ಉಂಡು, ಎರಡು ತಲೆಮಾರಿಗೆ ಕುಸ್ತಿ ಕಲಿಸಿದವರು. ನಾನೂ ಅವರ ಶಿಷ್ಯನೇ, ನನ್ನನ್ನು ನೋಡಿದರೆ ಯಾರೂ ನಂಬುವುದಿಲ್ಲ ಅಷ್ಟೆ. ನನ್ನ ಜೊತೆಯೇ ಸಾಮು ಮಾಡಿದ ಶರಣಪ್ಪ ಈಗ ಹದಿನಾಲ್ಕು ಲಾರಿಗಳ ಸಾಹುಕಾರ. ಗರಡಿಯನ್ನು ಜಿಮ್ ಮಾಡಿಸುತ್ತೇನೆ, ಖರ್ಚೆಲ್ಲ ನನ್ನದು ಎಂದು ಅವನು ಹೇಳಿದಾಗ ಓಣಿಗೆ ಓಣಿಯೇ ಚಪ್ಪಾಳೆ ತಟ್ಟಿತು. ಆಮೇಲೆ ತಿಳಿದದ್ದು, ಬಳ್ಳಾರಿಯಿಂದ ಸರ್ಟಿಫಿಕೇಟು ಇರುವ ಟ್ರೈನರ್ ಬರುತ್ತಾನೆ, ಉಸ್ತಾದರ ಖೋಲಿ ಸ್ನಾನದ ಮನೆಯಾಗುತ್ತದೆ ಎಂದು. ಉಸ್ತಾದರು ಎಲ್ಲಿಗೆ ಹೋಗಬೇಕು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅವರು ಆ ದಿನವೂ ಎಂದಿನಂತೆ ಅಖಾಡದ ಕೆಮ್ಮಣ್ಣು ಕೆದರಿ, ಹನುಮಪ್ಪನ ಪಟಕ್ಕೆ ಊದಿನಕಡ್ಡಿ ಹಚ್ಚಿದರು.

ಸಾಮಾನು ನೋಡಲು ನಾನೂ ಶರಣಪ್ಪನೂ ಹುಬ್ಬಳ್ಳಿಗೆ ಹೋದೆವು. ಅಂಗಡಿಯವನು ಸಜ್ಜನ. ಮೊದಲು ಯಾರು ಬರುತ್ತಾರೆ, ಜಾಗ ಎಷ್ಟಿದೆ, ಸೂರು ಎಷ್ಟು ಎತ್ತರ ನೋಡಿರಿ, ಒಂದು ಒಳ್ಳೆಯ ರಾಡು, ಪ್ಲೇಟುಗಳು, ಒಂದು ಬೆಂಚು, ನೆಲಕ್ಕೆ ರಬ್ಬರು, ಇಷ್ಟಿದ್ದರೆ ಹುಡುಗರು ಗಟ್ಟಿಯಾಗುತ್ತಾರೆ, ಮಿಷನ್ ಆಮೇಲೆ ತಗೊಂಡರಾಯಿತು ಎಂದ. ಇಷ್ಟು ಒಳ್ಳೆಯ ಮಾತನ್ನು ಅಂಗಡಿಯವನು ಹೇಳಿದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ಶರಣಪ್ಪ ನೇರವಾಗಿ ಅಂಗಡಿಯಲ್ಲೇ ಎತ್ತರದ, ನಾಲ್ಕು ಕಡೆ ನಾಲ್ಕು ಜನ ಕೂತು ಎಳೆಯುವ ಮಿಷನ್ ಹತ್ತಿರ ಹೋಗಿ, ಇದರ ಪಾಸಿಂಗ್ ಎಷ್ಟು ಎಂದು ಕೇಳಿದ. ಅಂಗಡಿಯವನಿಗೆ ತಿಳಿಯಲಿಲ್ಲ. ಒಂದೊಂದು ಕಡೆ ನೂರು ಕೆಜಿ ಎಂದು ಬರೆದದ್ದನ್ನು ತೋರಿಸಿದ. "ಅದು ಬರೆದಿದ್ದಾತ್ರಿ. ಹೇರಬೌದಾದ್ದು ಎಷ್ಟು?" ಎಂದ ಶರಣಪ್ಪ. ನೂರೆಂದರೆ ನೂರೇ ಎಂದು ಅಂಗಡಿಯವನು ಹೇಳಿದಾಗ, ಈ ಬಡಪಾಯಿ ಹೆಂಗ ವ್ಯಾಪಾರ ಮಾಡುತ್ತಾನೋ ಎಂಬಂತೆ ನನ್ನ ಮುಖ ನೋಡಿದ.

ತಜ್ಞನಾಗಿ ಹೋದವನು ನಾನೂ ಏನಾದರೂ ಮಾಡಬೇಕಲ್ಲ. ತೆಂಗಿನಕಾಯಿ ನೋಡುವಂತೆ ಎರಡು ಕಡೆ ಬೆರಳಿನಿಂದ ಬಡಿದು ಕಿವಿಗೊಟ್ಟೆ. ಲಾರಿಯ ಗಾಲಿಗೆ ಒದೆಯುವ ಅಭ್ಯಾಸದಿಂದ ಮಿಷನ್ನಿನ ಕಾಲಿಗೆ ಒದ್ದೆ. ಚಪ್ಪಲಿಯಲ್ಲಿದ್ದೆ, ಹೆಬ್ಬೆರಳು ಮೂರು ದಿನ ನೀಲಿಯಾಗಿತ್ತು. ನೋವು ನುಂಗಿಕೊಂಡು "ಗಟ್ಟಿ ಐತಿ" ಎಂದೆ. ಕಬ್ಬಿಣದ ಪ್ಲೇಟೊಂದನ್ನು ತಿರುಗಿಸಿ ನೋಡಿದರೆ ಹಿಂದೆ ಚೀನಾ ಎಂದು ಅಚ್ಚಾಗಿತ್ತು. ನಾನು ತೂಗಿ, ಅವನು ಸಾಗಿಸಿದ ಸಂಡೂರಿನ ಮಣ್ಣು ನಡುವೆ ತೂತು ಮಾಡಿಸಿಕೊಂಡು ವಾಪಸ್ ಬಂದಿತ್ತು. ನಾನು ಪ್ಲೇಟನ್ನು ಆ ಅಚ್ಚು ಕಾಣದಂತೆ ಮಗುಚಿಟ್ಟೆ. ಶರಣಪ್ಪ ಮಾತ್ರ ಚೌಕಾಸಿ ಶುರು ಮಾಡಿದ.

ಮಿಷನ್ ಬಂದ ಮೇಲೆ ಗೊತ್ತಾಯಿತು, ಅದು ಗರಡಿಯ ತೊಲೆಗಿಂತ ಒಂದು ಗೇಣು ಎತ್ತರ. ಸೂರಿನ ಎತ್ತರ ನೋಡಿ ಎಂದು ಅಂಗಡಿಯವನು ಹೇಳಿದ್ದ, ನಾನು ಕಾಲಿಗೆ ಒದೆಯುವುದರಲ್ಲಿದ್ದೆ. ಕೊನೆಗೆ ಅಖಾಡದ ಅರ್ಧ ಮಣ್ಣು ತೆಗೆದು, ನೆಲ ತಗ್ಗು ಮಾಡಿ ನಿಲ್ಲಿಸಿದೆವು. ಆಗ ಅಡ್ಡ ಬಂದದ್ದು ಗುಂಡು.

ಗುಂಡೆಂದರೆ ಎತ್ತುವ ಕಲ್ಲು. ಯಾವ ಕಾಲದಲ್ಲೋ ಬುಕ್ಕಸಾಗರದ ಹೊಳೆದಂಡೆಯಿಂದ ಬಂಡಿಯಲ್ಲಿ ತಂದದ್ದಂತೆ. ದೊಡ್ಡ ಕುಂಬಳಕಾಯಿಯಷ್ಟು, ಹಿಡಿಯಲು ಒಂದು ಅಂಚಿಲ್ಲದ ನುಣುಪು. ಉಸ್ತಾದರು ಪ್ರಾಯದಲ್ಲಿ ಅದನ್ನು ಹೆಗಲ ಮೇಲೆ ಹೊತ್ತು ಅಖಾಡ ಮೂರು ಸುತ್ತು ಬಂದಿದ್ದರು. ಆವತ್ತಿನಿಂದ ಕಂಪ್ಲಿಯ ತನಕ ಅವರ ಹೆಸರು. ಕಲ್ಲು ಒಂದು ಕ್ವಿಂಟಲ್ ಎಂದು ಊರೆಲ್ಲ ಹೇಳುತ್ತಿತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನೂ ಅದಕ್ಕೆ ಕೈ ಹಾಕಿ, ಮೊಣಕಾಲಿನ ತನಕವೂ ತರಲಾರದೆ, ಸೊಂಟ ಹಿಡಿದುಕೊಂಡು ಮೂರು ದಿನ ಮಲಗಿದ್ದೆ. ಮದುವೆಯಾದ ಮೇಲೆ ಇದರಿಂದ ಬಹಳ ಅನುಕೂಲವಾಯಿತು. ಗ್ಯಾಸ್ ಸಿಲಿಂಡರು ಎತ್ತಿಡಿ ಎಂದು ಹೆಂಡತಿ ಅಂದಾಗಲೆಲ್ಲ, ಕ್ವಿಂಟಲ್ ಗುಂಡು ಎತ್ತಲು ಹೋಗಿ ಆದ ಪೆಟ್ಟು ಎಂದು ಸೊಂಟ ತೋರಿಸುತ್ತಿದ್ದೆ. ಸಿಲಿಂಡರು ಅವಳೇ ಎತ್ತಿಡುತ್ತಿದ್ದಳು, ಕಣ್ಣಲ್ಲಿ ಸ್ವಲ್ಪ ಗೌರವವೂ ಇರುತ್ತಿತ್ತು.

ಶರಣಪ್ಪ ಒಂದು ಶರತ್ತು ಹಾಕಿದ. ಜಿಮ್ಮಿನಲ್ಲಿ ಇರುವ ಪ್ರತಿಯೊಂದಕ್ಕೂ ತೂಕದ ಅಂಕಿ ಬೇಕು. ಕಲ್ಲು ನಿಜಕ್ಕೂ ಕ್ವಿಂಟಲ್ ಇದ್ದರೆ ಕಲ್ಲೂ ಇರಲಿ, ಅದನ್ನು ಎತ್ತಿದ ಉಸ್ತಾದರೂ ಇರಲಿ. ಇಲ್ಲದಿದ್ದರೆ ಎರಡೂ ಜಾಗ ಖಾಲಿ ಮಾಡಲಿ. ನನಗೆ ಖುಷಿಯೇ ಆಯಿತು. ಉಸ್ತಾದರು ಉಳಿದಂತೆಯೇ ಎಂದುಕೊಂಡೆ. ನಾಲ್ಕು ಜನ ಸೇರಿ ಹಾರೆ ಹಾಕಿ ಕಲ್ಲನ್ನು ಗೂಡ್ಸ್ ಆಟೋಕ್ಕೆ ಉರುಳಿಸಿದರು. ಉಸ್ತಾದರು ಅದರ ಪಕ್ಕದಲ್ಲೇ ಕೂತು ವೇಬ್ರಿಜ್ಜಿಗೆ ಬಂದರು.

ಕಲ್ಲನ್ನು ತೂಗುಕಟ್ಟೆಯ ಮೇಲೆ ಇಳಿಸಿ, ಆಟೋವನ್ನೂ ಉಳಿದವರನ್ನೂ ಆಚೆ ಕಳಿಸಿ, ಕಲ್ಲು ಉರುಳದಂತೆ ಇಟ್ಟಿಗೆ ಕೊಟ್ಟು ತಲೆ ಎತ್ತಿದೆ. ಹೊರಗಿನ ಕೆಂಪು ಅಂಕಿ ನೂರಾ ಅರವತ್ತು ತೋರಿಸುತ್ತಿತ್ತು. ನನಗೆ ಕಣ್ಣೀರು ಬರುವುದೊಂದು ಬಾಕಿ. ಓಡಿಬಂದು ಉಸ್ತಾದರ ಕಾಲು ಮುಟ್ಟಿದೆ. ಅವರು ಮಾತ್ರ ಅಂಕಿಯನ್ನೇ ನೋಡುತ್ತಿದ್ದರು. ನಾನು ಕಟ್ಟೆಯಿಂದ ಕೆಳಗಿಳಿದ ಮೇಲೆ ಅದು ಎಪ್ಪತ್ತಕ್ಕೆ ಬಂದು ನಿಂತಿತ್ತು.

"ಕಲ್ಲಿಗಿಂತ ನೀನೇ ಭಾರ ಅದೀಯಲ್ಲೋ ಈರಣ್ಣ," ಎಂದರು ಉಸ್ತಾದರು.

ನಾನು ಒಳಗೆ ಹೋಗಿ ಕೂತೆ. ಹನ್ನೊಂದು ವರ್ಷ ಇಳಿಸಿ ಬರೆದ ಕೈಗೆ ಒಂದು ಸಲ ಏರಿಸಿ ಬರೆಯುವುದು ಏನು ಕಷ್ಟ? ನೂರು ಅಂತ ಕೊಡುತ್ತೇನೆ, ನಿಮ್ಮ ಖೋಲಿ ಉಳಿಯುತ್ತದೆ ಎಂದೆ. ಉಸ್ತಾದರು ಕಿಟಕಿಗೆ ಕೈ ಊರಿ ನಿಂತರು.

"ಎಪ್ಪತ್ತು ಐತಲ್ಲ, ಎಪ್ಪತ್ತೇ ಬರಿ. ಕ್ವಿಂಟಲ್ ಎತ್ತೀನಿ ಅಂತ ನಾನು ಯಾರಿಗರ ಹೇಳೀನೇನು? ನೀವ ಹೇಳ್ಕೋಂತ ಬಂದ್ರಿ. ಅದನ್ನ ಕೇಳಿ ಕೇಳಿ ಹುಡುಗ್ರು ಕಲ್ಲಿನ ಹತ್ರಾನ ಬರೂದಿಲ್ಲ."

ಆದರೂ ನಾನು ಬಿಡದೆ, ನೂರೇ ಇರಲಿ ಉಸ್ತಾದ್, ನಿಮ್ಮ ಸಲುವಾಗಿ ಎಂದೆ. ಅವರ ಕಣ್ಣು ನನ್ನ ಸೊಂಟದ ಕಡೆ ಇಳಿಯಿತು. "ನನ್ನ ಸಲುವಾಗೇನೋ?" ಎಂದು ಮೆಲ್ಲಗೆ ಕೇಳಿದರು. ನನಗೆ ನಾಚಿಕೆಯಾಯಿತು. ಎಪ್ಪತ್ತೆಂದೇ ಚೀಟಿ ಹರಿದೆ. ಆ ವರ್ಷ ನಾನು ಕೊಟ್ಟ ನಿಜವಾದ ಚೀಟಿ ಅದೊಂದೇ ಇರಬೇಕು.

ಶರಣಪ್ಪ ಚೀಟಿಯನ್ನು ಮೂರು ಸಲ ಓದಿದ. ನಾನು ಕಲ್ಲಿಗೆ ಸೋತ ಮರುದಿನವೇ ಅವನೂ ಸೋತಿದ್ದ, ಅದು ನನಗೆ ಆಗ ನೆನಪಾಯಿತು. ಅವನ ಮುಖದ ಬಣ್ಣ ಇಳಿಯಿತು. ಅವನ ಮನೆಯಲ್ಲಿ ಗ್ಯಾಸ್ ಸಿಲಿಂಡರು ಯಾರು ಎತ್ತಿಡುತ್ತಾರೋ, ಕೇಳುವ ಧೈರ್ಯ ನನಗಾಗಲಿಲ್ಲ. ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡ.

"ಈರಣ್ಣಾರ, ನಿಮ್ಮ ತೂಕದ ಮಿಷನ್ ಯಾವತ್ತು ಖರೆ ತೋರಿಸೈತ್ರಿ? ನೂರು ಅಂತ ಬರೆಸ್ರಿ. ಉಸ್ತಾದರ ಖೋಲಿಗೆ ಯಾರೂ ಕೈ ಹಚ್ಚಬ್ಯಾಡ್ರಿ."

ಹೀಗೆ ನಮ್ಮಿಬ್ಬರ ಮಾನಕ್ಕಾಗಿ ಉಸ್ತಾದರು ಉಳಿದರು. ಪೇಂಟರು ಕಲ್ಲಿನ ಮೇಲೆ ಹಳದಿ ಬಣ್ಣದಲ್ಲಿ ನೂರು ಎಂದು ಬರೆದ. ಉಸ್ತಾದರು ಅದನ್ನು ನೋಡಿ, ಹೊರಗೆ ಏನಾದರೂ ಬರೆದುಕೊಳ್ಳಿ, ನಾನು ಇರಬೇಕಾದರೆ ನೀವಿಬ್ಬರೂ ದಿನಾ ಬೆಳಿಗ್ಗೆ ಆರಕ್ಕೆ ಬಂದು ಕಲ್ಲಿಗೆ ಕೈ ಹಾಕಬೇಕು ಎಂದರು. ಒಪ್ಪದೆ ವಿಧಿಯಿರಲಿಲ್ಲ. ನಾಲ್ಕು ಜನರ ಮಿಷನ್ನಿನ ಮೇಲೆ ಟ್ರೈನರ್ ಕೂತು ಪೇಪರು ಓದುತ್ತಿರುತ್ತಾನೆ. ಅದರ ಪಕ್ಕ ಉಳಿದ ಅರ್ಧ ಅಖಾಡದಲ್ಲಿ, ಕೆಮ್ಮಣ್ಣಿನ ಮೇಲೆ, ಎರಡು ಹೊಟ್ಟೆಗಳು ಒಂದು ಕಲ್ಲನ್ನು ಸರದಿಯಂತೆ ಅಪ್ಪಿಕೊಂಡು ಏದುಸಿರು ಬಿಡುತ್ತಿರುತ್ತವೆ. ಮೊನ್ನೆ ನನ್ನ ಕೈಯಲ್ಲಿ ಅದು ನೆಲದಿಂದ ಒಂದು ಜೋಳದ ರೊಟ್ಟಿಯಷ್ಟು ಮೇಲೆದ್ದಿತು. ಅಲ್ಲ, ತೆಳ್ಳನೆಯ ಖಡಕ್ ರೊಟ್ಟಿಯಷ್ಟು ಎಂದು ಶರಣಪ್ಪ ತಕರಾರು ತೆಗೆದ.

ಈಚೆಗೆ ಒಂದು ಸುದ್ದಿ ಕಿವಿಗೆ ಬಿದ್ದಿದೆ. ಯಾವ ಹುಡುಗ ಹದಕ್ಕೆ ಬಂದನೋ ಅವನನ್ನು ಹತ್ತಿರ ಕರೆದು, ಉಸ್ತಾದರು ಕಿವಿಯಲ್ಲಿ ಕಲ್ಲಿನ ನಿಜವಾದ ತೂಕ ಹೇಳುತ್ತಾರಂತೆ. ಆಗಲೇ ನಾಲ್ಕೈದು ಹುಡುಗರು ಎತ್ತಿಯೂ ಆಯಿತು. ನಾನು ಬೆವರು ಒರೆಸಿಕೊಂಡು ಕೂತಾಗ ಯಾರಾದರೊಬ್ಬ ಹುಡುಗ ಬಂದು, "ಇರ್ಲಿ ಬಿಡ್ರಿ ಕಾಕಾ, ಕ್ವಿಂಟಲ್ ಐತಿ, ಹುಡುಗಾಟ ಅಲ್ಲ" ಎಂದು ಸಮಾಧಾನ ಹೇಳುತ್ತಾನೆ. ಹೌದಪ್ಪ ಎನ್ನುತ್ತೇನೆ. ಆಮೇಲೆ ಅವನ ಮುಖವನ್ನು ಒಂದು ಸಲ ಚೆನ್ನಾಗಿ ನೋಡುತ್ತೇನೆ. ಇವನಿಗೆ ಉಸ್ತಾದರು ಹೇಳಿದ್ದಾರೋ ಇಲ್ಲವೋ, ಎಷ್ಟು ನೋಡಿದರೂ ಗೊತ್ತಾಗುವುದಿಲ್ಲ.