ಉಪ್ಪುನೀರಿನ ಅತ್ತೆ

ನನ್ನ ಸೋದರತ್ತೆ ಆಯುಷ್ಯದ ಅರ್ಧವನ್ನು ಕಡಲ ಬಂಡೆಗೆ ಅಂಟಿದ ಚಿಪ್ಪುಗಳನ್ನು ಕಿತ್ತು, ಮತ್ತೆ ಅದೇ ಬಂಡೆಗೆ ಕೊಂಡೊಯ್ದು ಬಿಡುವುದರಲ್ಲಿ ಕಳೆದರು ಎಂದರೆ ನೀವು ನಂಬಲಿಕ್ಕಿಲ್ಲ. ಅದಕ್ಕೆ ಅವರಿಗೆ ತಿಂಗಳು ತಿಂಗಳು ಸಂಬಳವೂ ಬರುತ್ತಿತ್ತು ಎಂದರೆ ನಮ್ಮಜ್ಜಿಯೇ ಇನ್ನೂ ನಂಬಿಲ್ಲ!

ಅತ್ತೆ ಹುಟ್ಟಿದ್ದು ಗುಡ್ಡದ ಮೇಲೆ. ಕಲ್ಪೆಟ್ಟದಿಂದ ಸ್ವಲ್ಪ ಒಳಗೆ ನಮ್ಮ ಕಾಫಿ, ಮೆಣಸಿನ ತೋಟ. ಸಮುದ್ರ ನೋಡಬೇಕೆಂದರೆ ಬಸ್ಸು ಹತ್ತಿ, ತಲೆ ತಿರುಗಿಸಿಕೊಂಡು ಘಾಟಿಯಿಳಿದು ಕೋಳಿಕ್ಕೋಡಿಗೆ ಹೋಗಬೇಕು. ಮನೆಯೋ, ಯಾವ ಕಾಲದಲ್ಲೋ ಕನ್ನಡ ನಾಡಿನಿಂದ ಬಂದು ನೆಲೆಸಿದ ಜೈನರದು. ಹೊತ್ತು ಮುಳುಗಿದ ಮೇಲೆ ನಾವು ಉಣ್ಣುವುದಿಲ್ಲ. ಸೋಸದ ನೀರು ಕುಡಿಯುವುದಿಲ್ಲ. ಬಾವಿಯ ನೀರನ್ನು ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿದರೆ ಮುಗಿಯಿತು ಅಂದುಕೊಂಡಿರಾ? ಬಟ್ಟೆಯ ಮೇಲೆ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಸೋಸಿದ ನೀರಿನಲ್ಲೇ ಜಾಲಾಡಿ, ಕೊಡದಲ್ಲಿ ಮೆಲ್ಲಗೆ ಅದೇ ಬಾವಿಗೆ ಇಳಿಸಬೇಕು. ಪಕ್ಕದ ಬಾವಿಗೆ ಬಿಟ್ಟರೂ ಆಗದು. ಅವುಗಳ ಬಂಧುಬಳಗ ಇಲ್ಲಿರುತ್ತದಲ್ಲ!

ಇಂಥ ಮನೆಯ ಹುಡುಗಿ ಏನು ಓದಬೇಕು? ಗಣಿತ ಓದಬಹುದಿತ್ತು. ಗಣಿತದಲ್ಲಿ ಯಾರೂ ಸಾಯುವುದಿಲ್ಲ. ಅತ್ತೆ ಪ್ರಾಣಿಶಾಸ್ತ್ರ ಓದಿದರು.

ಮುಂದಿನದು ನಾನು ಹುಟ್ಟುವ ಮುಂಚಿನ ಸಂಗತಿ, ಹಾಗಾಗಿ ಜವಾಬ್ದಾರಿ ನನ್ನದಲ್ಲ. ಕಾಲೇಜಿನಿಂದ ರಜೆಗೆ ಬಂದ ಅತ್ತೆ, ಊಟದ ಹೊತ್ತಿಗೆ, ಯಾರೂ ಕೇಳದಿದ್ದರೂ ಹೇಳಿಬಿಟ್ಟರಂತೆ: "ಅಮ್ಮಾ, ನಾನು ಪ್ರಯೋಗಾಲಯದಲ್ಲಿ ಏಡಿ ಕೊಯ್ದೆ." ಏಡಿ ಎನ್ನುವುದು ಅಪ್ಪನ ನೆನಪು. ಅತ್ತೆ ಅದು ಜಿರಲೆ ಅನ್ನುತ್ತಾರೆ. ಅಜ್ಜಿಯನ್ನು ಕೇಳಿದರೆ, "ಜೀವ" ಅನ್ನುತ್ತಾರೆ, ಅಷ್ಟೆ.

ಅಂದಿನಿಂದ ಅಜ್ಜಿ ಮಗಳ ಕೈಯಿಂದ ನೀರು ಕುಡಿಯಲಿಲ್ಲ. ಜಗಳವೇನೂ ಇಲ್ಲ ನೋಡಿ! ತಲೆಗೆ ಎಣ್ಣೆ ಹಚ್ಚುತ್ತಿದ್ದರು, ಜತೆಯಲ್ಲಿ ಉಣ್ಣುತ್ತಿದ್ದರು, ಮದುವೆಯಾಗಲಿಲ್ಲವೆಂದು ಬೈಯುತ್ತಿದ್ದರು. ನೀರು ಮಾತ್ರ ಬೇಡ. ಅತ್ತೆ ಕಡಲಿನ ಸಂಶೋಧನೆಗೆ ಸೇರಿದ ಮೇಲೆ ಇನ್ನೊಂದು ಕಾರಣವೂ ಸಿಕ್ಕಿತು.

"ಅದು ಉಪ್ಪುನೀರಿನ ಕೈ. ಮುಟ್ಟಿದ ನೀರೆಲ್ಲ ಉಪ್ಪಾಗ್ತದೆ."

ಅತ್ತೆಯೇನು ಕಡಿಮೆಯೇ? ಊರಿಗೆ ಬಂದಾಗಲೆಲ್ಲ ತಾವೇ ಸೋಸಿ ಒಂದು ಲೋಟ ನೀರು ತಂದು ಅಜ್ಜಿಯ ಪಕ್ಕ ಇಡುತ್ತಿದ್ದರು. ಅಜ್ಜಿ ಅದನ್ನು ಜಗಲಿಯ ಬದಿಯ ದಾಸವಾಳಕ್ಕೆ ಹೊಯ್ಯುತ್ತಿದ್ದರು. ಅತ್ತೆಯ ರಜೆ ಉದ್ದವಾದಷ್ಟೂ ದಾಸವಾಳ ಸೊಂಪಾಗುತ್ತಿತ್ತು.

"ಅಜ್ಜಿ, ಉಪ್ಪುನೀರಾದ್ರೆ ಗಿಡ ಸಾಯ್ಬೇಕಿತ್ತಲ್ಲ?" ಎಂದು ಒಮ್ಮೆ ಕೇಳಿದೆ.

"ನಿನ್ನನ್ನೂ ಪ್ರಾಣಿಶಾಸ್ತ್ರಕ್ಕೇ ಕಳಿಸ್ಬೇಕು," ಅಂದರು ಅಜ್ಜಿ. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ.

ಈಗ ಚಿಪ್ಪಿನ ವಿಷಯ. ಕಲ್ಲುಮ್ಮಕ್ಕಾಯ ಎಂದು ಮಲಬಾರಿನಲ್ಲಿ ಹೆಸರಾದ, ಅಲೆಯ ಬಾಯಲ್ಲಿ ಬಂಡೆ ಕಚ್ಚಿಕೊಂಡು ಬದುಕುವ ಚಿಪ್ಪುಜೀವಿ. ಇಡೀ ಕೋಳಿಕ್ಕೋಡು ಅದನ್ನು ಹುರಿದು ತಿನ್ನುತ್ತದೆ. ಅದನ್ನು ಕಿತ್ತು ತಂದು, ತಿನ್ನದೆ ವಾಪಸು ಬಿಟ್ಟವರು ಬಹುಶಃ ನಮ್ಮತ್ತೆ ಒಬ್ಬರೇ. ಯಾವ ಚಿಪ್ಪು ಎಷ್ಟು ಬೆಳೆಯಿತು ಎಂದು ತಿಳಿಯಲು ಅವುಗಳಿಗೆ ಗುರುತು ಬೇಕಲ್ಲ? ಅತ್ತೆ ಉಗುರಿಗೆ ಹಚ್ಚುವ ಕೆಂಪು ಬಣ್ಣ ಹಚ್ಚಿದರು. ತಂಗಿಯ ಮದುವೆಯಲ್ಲೂ ಒಂದು ಬೆರಳಿಗೆ ಹಚ್ಚದವರು ಬಂಡೆಗಟ್ಟಲೆ ಚಿಪ್ಪುಗಳನ್ನು ಸಿಂಗರಿಸಿ ಕೂರಿಸಿದರು! ಮುಳುಗಿ ಚಿಪ್ಪು ಕೀಳುವವರು ಕೆಂಪು ಕಂಡರೆ, "ಅದು ಟೀಚರಮ್ಮನ ಮಕ್ಕಳು" ಎಂದು ನಗುತ್ತಾ ಬಿಟ್ಟುಬಿಡುತ್ತಿದ್ದರಂತೆ. ಬಂಡೆಯಿಂದ ತಂದದ್ದನ್ನು ಅದೇ ಬಂಡೆಗೆ ಬಿಡುವುದು ಅತ್ತೆಯ ಹಟ. ಪಕ್ಕದ ಬಂಡೆಗೂ ಆಗದು. ಸಹೋದ್ಯೋಗಿಗಳು ಇದನ್ನು ಸಂಶೋಧನೆಯ ಶಿಸ್ತು ಎಂದು ಹೊಗಳುತ್ತಿದ್ದರು. ನಮಗಲ್ಲವೇ ಗೊತ್ತು, ಅದು ನಮ್ಮ ಬಾವಿಕಟ್ಟೆಯಲ್ಲಿ ಕಲಿತದ್ದೆಂದು!

ಈ ಹಟದಿಂದಲೇ ಆ ಬಕೆಟ್ ಪ್ರಸಂಗ ನಡೆಯಿತು. ಆಗ ನಾನು ಚಿಕ್ಕವನು. ಬಕೆಟ್ ನೀಲಿಯೋ ಹಸಿರೋ ಎಂದು ಆಣೆ ಮಾಡಿ ಹೇಳಲಾರೆ. ಚಿಪ್ಪುಗಳನ್ನು ಬಂಡೆಗೆ ಬಿಡಲು ಹೋದರೆ ಕಡಲು ಉಕ್ಕಿ ಬಂಡೆಯೇ ಕಾಣಲಿಲ್ಲವಂತೆ. ಮರುದಿನ ಮನೆಯಲ್ಲಿ ಪೂಜೆ. ಅತ್ತೆ ಚಿಪ್ಪುಗಳ ಸಮೇತ ಬಸ್ಸು ಹತ್ತಿದರು. ಪಕ್ಕದಲ್ಲಿ ಕೂತ ಹೆಂಗಸು ಬಕೆಟ್ ಇಣುಕಿ, "ಪೊರಿಕ್ಕಾನಾಣೋ ಚೇಚೀ?" ಹುರಿಯೋಕಾ ಅಕ್ಕಾ, ಎಂದು ಕೇಳಿದರಂತೆ. ಇಲ್ಲ, ವಾಪಸು ಕಡಲಿಗೆ ಬಿಡೋಕೆ ಎಂದರೆ, "ಹೋ, ನೇರ್ಚಯಾಣಲ್ಲೇ!" ಹರಕೆ ಇರಬೇಕು, ಎಂದು ಕೈಮುಗಿದು ಬಕೆಟ್ಟಿಗೆ ಜಾಗ ಬಿಟ್ಟರಂತೆ.

ಜೈನರ ಮನೆಗೆ, ಪೂಜೆಯ ದಿನ, ಒಂದು ಬಕೆಟ್ ಚಿಪ್ಪು! ಅಪ್ಪ ಬಾಗಿಲಲ್ಲೇ ತಲೆಯ ಮೇಲೆ ಕೈ ಹೊತ್ತರು. ಪೂಜೆ ಮುಗಿದ ಮರುದಿನ ಹೊರಡೋಣವೆಂದರೆ ಹರತಾಳ, ಬಸ್ಸಿಲ್ಲ. ಗಾಳಿಯಿಲ್ಲದೆ ಚಿಪ್ಪುಗಳು ಸತ್ತರೆ? ಅದೂ ನಮ್ಮ ಮನೆಯಲ್ಲಿ? ಹತ್ತಿರ ಬಾರದಿದ್ದ ಅಪ್ಪ ಸೈಕಲ್ ಪಂಪ್ ತಂದು ಉಪ್ಪುನೀರಿಗೆ ಗಾಳಿ ಹೊಡೆಯತೊಡಗಿದರು. ಪೂಜೆಗೆ ಬಂದ ನೆಂಟರೂ ಸರದಿಯಲ್ಲಿ ಹೊಡೆದರು.

ಸಂಜೆ ಅಜ್ಜಿ ಬಂದು ಬಕೆಟ್ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಏನು ತಿಂತವೇ ಇವು?"

ಅತ್ತೆಯ ಮುಖ ಅರಳಿತು. ಇಷ್ಟು ವರ್ಷದಲ್ಲಿ ಅಜ್ಜಿ ಕೇಳಿದ ಮೊದಲ ಪ್ರಶ್ನೆ! "ಇವೂ ನಮ್ಮ ಹಾಗೇ ಅಮ್ಮಾ. ಇಡೀ ದಿನ ನೀರು ಸೋಸ್ತವೆ."

ಅಜ್ಜಿ ಇನ್ನಷ್ಟು ಬಗ್ಗಿದರು. "ಹೌದಾ? ಸೋಸಿ, ಸಿಕ್ಕ ಜೀವಾನ ವಾಪಸ್ ಬಿಡ್ತವಾ?"

ಒಂದು ಸಣ್ಣ ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ನಾವೆಲ್ಲ ಅತ್ತೆಯ ಬಾಯನ್ನೇ ನೋಡುತ್ತಿದ್ದೆವು.

"ಇಲ್ಲ," ಅಂದರು ಅತ್ತೆ. "ಅದನ್ನೇ ತಿಂತವೆ."

ಅಜ್ಜಿ ಮೊಣಕಾಲು ಹಿಡಿದು ಎದ್ದರು. "ಹಾಗಾದ್ರೆ ನಮ್ಮವಲ್ಲ ಬಿಡು."

ನಡುವಯಸ್ಸು ದಾಟುವಾಗ ಅತ್ತೆ ಕಡಲು ಬಿಟ್ಟರು. ಅಜ್ಜಿಗೆ ಸಂತೋಷವಾಯಿತು, ಎಲ್ಲಿಗೆ ಹೋದರೆಂದು ತಿಳಿಯುವವರೆಗೆ. ಅಲೆ ಹೊಡೆದರೂ ಬಂಡೆ ಬಿಡದ ಚಿಪ್ಪಿನ ಜಿಗುಟು ಒದ್ದೆಯಲ್ಲೂ ಹಿಡಿಯುತ್ತದೆ. ಗಾಯವೂ ಒದ್ದೆಯೇ ಅಲ್ಲವೇ? ಹೊಲಿಗೆಯಿಲ್ಲದೆ ಗಾಯ ಮುಚ್ಚುವ ಅಂಥದೊಂದು ಅಂಟು ಮಾಡಬೇಕೆಂದು ಅತ್ತೆ ದೂರದ ವೈದ್ಯಕೀಯ ಸಂಶೋಧನಾಲಯವೊಂದಕ್ಕೆ ಸೇರಿ, ಮಕ್ಕಳ ವಯಸ್ಸಿನ ಡಾಕ್ಟರುಗಳ ಜತೆ ಮತ್ತೆ ಪಾಠಕ್ಕೆ ಕೂತರು. ಅಲ್ಲಿ ಅವರ ಅಡ್ಡಹೆಸರು 'ಮೀನು ಮೇಡಂ'. ಹುಟ್ಟಾ ಸಸ್ಯಾಹಾರಿಗೆ!

ಅಪ್ಪ ಕಿತ್ತುಹೋದ ಚಪ್ಪಲಿ ತಂದರು. "ಅಕ್ಕಾ, ನಿನ್ನ ಅಂಟು ಇದಕ್ಕೆ ಹಿಡೀತದಾ?"

"ಮೊದಲು ಅದಕ್ಕೆ ಜ್ವರ ಇದೆಯಾ ನೋಡು."

ಅಜ್ಜಿಯದು ಬೇರೆ ವಿಚಾರಣೆ. "ಈಗ್ಲೂ ಚಿಪ್ಪು ಕೊಲ್ತೀಯಾ?"

"ಇಲ್ಲಮ್ಮ. ಅವುಗಳಿಂದ ಕಲ್ತದ್ದು ಅಷ್ಟೆ. ಅಂಟು ಮಾಡೋದು ಬಾಟ್ಲಿಯಲ್ಲಿ."

"ಹಿಡೀತದಾ ಅಂತ ಯಾವುದರ ಮೇಲೆ ನೋಡ್ತೀ?"

ಮತ್ತೆ ಅದೇ ಹರಿಶ್ಚಂದ್ರನ ವಂಶ. "ಹಂದಿ ಚರ್ಮ. ಕಸಾಯಿಖಾನೆಯಲ್ಲಿ ಉಳಿದದ್ದು."

ಅಜ್ಜಿ ಸ್ನಾನಕ್ಕೆ ಹೋದರು. ಆ ಸಲ ದಾಸವಾಳಕ್ಕೆ ಭರ್ತಿ ನೀರು.

ಇಷ್ಟರವರೆಗೆ ಹೇಳಿದ್ದರಲ್ಲಿ ನಾನು ಕಂಡದ್ದೆಷ್ಟು, ಕೇಳಿದ್ದೆಷ್ಟು, ಬಾಯಿಂದ ಬಾಯಿಗೆ ಬೆಳೆದದ್ದೆಷ್ಟು ಎಂದು ನನಗೇ ಅನುಮಾನ. ಮುಂದಿನದು ಮಾತ್ರ ಕಣ್ಣಾರೆ ಕಂಡದ್ದು.

ಈ ವರ್ಷ ಮೆಣಸು ಒಣಹಾಕಿದ್ದ ಸಮಯ. ಅತ್ತೆ ರಜೆಗೆ ಬಂದಿದ್ದರು. ಅಂಗಳದಲ್ಲಿ ಉರುಳುವ ಕಾಳಿನ ಮೇಲೆ ಕಾಲಿಟ್ಟು ಅಜ್ಜಿ ಜಾರಿದರು. ಮೂಳೆಗೆ ಏನೂ ಆಗಲಿಲ್ಲ. ಆದರೆ ಮುಪ್ಪಿನ ಚರ್ಮ, ಈರುಳ್ಳಿ ಸಿಪ್ಪೆಯ ಹಾಗೆ ಮುಂಗೈಯಲ್ಲಿ ಸುಲಿದು ಬಂತು. ರಕ್ತ ಕಂಡ ಅಪ್ಪ ಕಾರು ತೆಗೆಯುತ್ತೇನೆಂದರು.

"ಕಲ್ಪೆಟ್ಟಕ್ಕೆ ಹೋಗಿ ಬರೋವಷ್ಟರಲ್ಲಿ ಹೊತ್ತು ಮುಳುಗ್ತದೆ. ನನ್ನ ಊಟ?" ಅಂದರು ಅಜ್ಜಿ.

ಎಲ್ಲರೂ ಅತ್ತೆಯ ಕಡೆ ತಿರುಗಿದೆವು. ಇದೇ ಗಾಯಕ್ಕಾಗಿ ಅಲ್ಲವೇ ಅವರು ಕಡಲು ಬಿಟ್ಟದ್ದು?

"ಅಕ್ಕಾ, ನಿನ್ನ ಅಂಟು!"

"ಮನುಷ್ಯರಿಗೆ ಹಚ್ಚೋಕೆ ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ಅಮ್ಮನಿಗೆ ಅಂತೂ ಹಚ್ಚಲ್ಲ," ಎಂದ ಅತ್ತೆ, ಸುಲಿದ ಚರ್ಮವನ್ನು ಬೆರಳ ತುದಿಯಿಂದ ಹೂವಿನೆಸಳಿನಂತೆ ಜಾಗಕ್ಕೆ ಸರಿಸಿ, ಶುಭ್ರವಾದ ಬಟ್ಟೆಯಿಟ್ಟು ಒತ್ತಿ ಹಿಡಿದು ಕೂತರು. ಕಾಲು ಜೋಮು ಹಿಡಿದರೂ ಕದಲಲಿಲ್ಲ. ಅಂಗಳದ ಬಿಸಿಲು ಗೋಡೆ ಹತ್ತಿತು.

ಅಜ್ಜಿ ಆ ಕೈಗಳನ್ನೇ ನೋಡುತ್ತಿದ್ದವರು ಕೊನೆಗೆ ಅಂದರು: "ಇಷ್ಟು ವರ್ಷ ಅಂಟು ಅಂಟು ಅಂತ ಊರೂರು ಅಲೆದೆ. ಕಡೆಗೆ ಕೈಯಲ್ಲೇ ಹಿಡ್ಕೊಂಡು ಕೂತ್ಯಲ್ಲೇ!"

ರಕ್ತ ನಿಂತಿತು. ಪಟ್ಟಿ ಕಟ್ಟಿಯಾಯಿತು. ಡಾಕ್ಟರಿಗೆ ಬೆಳಿಗ್ಗೆ ತೋರಿಸುವುದೆಂದಾಯಿತು. ಅಜ್ಜಿಗೆ ಬಾಯಾರಿತ್ತು. ನಾನು ಒಳಗೆ ಓಡಲು ಎದ್ದೆ.

"ನೀನು ಕೂತ್ಕೋ," ಅಂದರು ಅಜ್ಜಿ. "ಅವಳು ತರಲಿ."

ಅತ್ತೆ ಜೋಮು ಹಿಡಿದ ಕಾಲೂರಿ ಎದ್ದರು. ಆಮೇಲೆ ಕೈ ತೊಳೆದುಕೊಂಡು ಬಾವಿಕಟ್ಟೆಗೆ ಹೋದರು. ಸೇದಿದರು, ಸೋಸಿದರು. ಹೊತ್ತು ಇಳಿಯುತ್ತಿತ್ತು, ಲೋಟ ತುಂಬಿಕೊಂಡು ಬಂದುಬಿಡಬಹುದಿತ್ತು. ಅವರು ಬಟ್ಟೆ ಮಗುಚಿ, ಜಾಲಾಡಿ, ಆ ನೀರನ್ನು ಕೊಡದಲ್ಲಿ ಬಾವಿಯ ತಳದವರೆಗೆ ಸದ್ದಿಲ್ಲದೆ ಇಳಿಸಿದರು. ಜಗಲಿಯಲ್ಲಿ ಕೂತ ಅಜ್ಜಿ ಹಗ್ಗ ಸಡಿಲಾಗುವವರೆಗೂ ಕಣ್ಣು ತೆಗೆಯಲಿಲ್ಲ.

ಲೋಟ ಬಂತು. ಅಜ್ಜಿ ಗಾಯವಿಲ್ಲದ ಕೈಯಲ್ಲಿ ತೆಗೆದುಕೊಂಡರು. ನಾನು ದಾಸವಾಳದ ಗಿಡವನ್ನು ನೋಡಿದೆ. ಅಪ್ಪನೂ ಅದನ್ನೇ ನೋಡುತ್ತಿದ್ದರು.

ಅಜ್ಜಿ ಕುಡಿದರು. ಪೂರ್ತಿ. ಸೆರಗಿನಿಂದ ಬಾಯೊರೆಸಿಕೊಂಡು, ಖಾಲಿ ಲೋಟ ಮಗಳ ಕಡೆ ಚಾಚಿದರು.

"ಉಪ್ಪೇನೂ ಇಲ್ಲ. ಹೊತ್ತು ಮುಳುಗೋ ಮುಂಚೆ ಇನ್ನೊಂದು ಲೋಟ ತಾ."