ಮಾವನವರ ಛತ್ರಿ, ನನ್ನ ಮರ್ಯಾದೆ

ಅಳಿಯನಿಗೆ ಮಾವನಿಂದ ಸಿಗುವ ಮರ್ಯಾದೆ ಹೋಳಿಗೆಯಿದ್ದ ಹಾಗೆ. ಹಬ್ಬಕ್ಕೆ ಚೆನ್ನ, ದಿನಾ ತಿನ್ನುವುದು ಕಷ್ಟ. ನನ್ನ ಮಾವನವರು ಗದಗಿನಲ್ಲಿ ರೇಡಿಯೊ, ಟಿವಿ ರಿಪೇರಿ ಅಂಗಡಿ ಇಟ್ಟಿದ್ದವರು. ಅತ್ತೆಯವರು ತೀರಿಕೊಂಡ ಮೇಲೆ ಹೈದರಾಬಾದಿಗೆ, ತಾರ್ನಾಕದ ನಮ್ಮ ಮನೆಗೆ ಬಂದರು. ಬಂದರೇನು, ಅತಿಥಿಯಾಗಿಯೇ ಉಳಿದರು. ಫ್ಯಾನ್ ಹಾಕುವುದಕ್ಕೂ "ಅಳಿಯಂದ್ರ, ಹಾಕಲೇನ್ರಿ?" ಎಂದು ಕೇಳುವರು. ಚಹಾ ಬೇಕೇ ಎಂದರೆ "ನಿಮಗ್ಯಾಕ್ರಿ ತ್ರಾಸ" ಎನ್ನುವರು. ಸ್ವಂತ ಮಗಳ ಮನೆಯಲ್ಲಿ ರೈಲಿಗೆ ಕಾಯುವವರಂತೆ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು. ಅದನ್ನು ನೋಡಲಾರದೆ ನನ್ನ ಹೆಂಡತಿ ಗಿರಿಜಾ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ನಮ್ಮ ಮಾಳಿಗೆಯ ಮೇಲೆ ಹಳೆಯ ಕಾಲದ ದೊಡ್ಡ ಡಿಶ್ ಒಂದಿದೆ. ಇಲ್ಲಿಯವರ ಬಾಯಲ್ಲಿ ಅದು ಛತ್ರಿ. ಮನೆ ಕಟ್ಟಿದಾಗ ಮಾವನವರೇ ತಂದು ಕೂರಿಸಿದ್ದು. ಅದಕ್ಕೊಂದು ಮೋಟರು, ಮೋಟರಿಗೊಂದು ಕಬ್ಬಿಣದ ತೋಳು. ಕೆಳಗೆ ಗುಂಡಿ ಒತ್ತಿದರೆ ತೋಳು ಉದ್ದವಾಗಿ, ಛತ್ರಿ ಗೊರ್ರೆಂದು ಒಂದು ಉಪಗ್ರಹದಿಂದ ಇನ್ನೊಂದರ ಕಡೆಗೆ ತಿರುಗುತ್ತಿತ್ತು. ತುಕ್ಕು ಹಿಡಿದು ನಿಂತ ಮೇಲೆ ಗಿರಿಜಾ ಅದಕ್ಕೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದಳು. ಒಂದು ಭಾನುವಾರ ಗುಜರಿಯವನನ್ನು ಕರೆದೆ. "ಲೇಜಾವೂಂ ಕ್ಯಾ ಸಾಬ್?" ಎಂದು ಅವನು ಕೈಹಾಕುವಷ್ಟರಲ್ಲಿ ಹಿಂದಿನಿಂದ ದನಿ ಬಂತು: "ತಡೀರಿ ಅಳಿಯಂದ್ರ. ಅದರಾಗ ಇನ್ನಾ ಜೀವ ಐತಿ." ಮಾವನವರು ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದರು. ನಮ್ಮಲ್ಲಿಗೆ ಬಂದ ಮೇಲೆ ಅವರು ಒಂದು ವಸ್ತುವನ್ನು ಬೇಕೆಂದದ್ದು ಅದೇ ಮೊದಲು. ಗುಜರಿಯವನಿಗೆ ಚಹಾ ಕುಡಿಸಿ ಕಳಿಸಿದೆ.

ಅವರ ಕೈ ನಡುಗುತ್ತದೆ, ಹಾಗಾಗಿ ಕೈ ನನ್ನದು. ನಾನು ಬಾಲಾನಗರದ ಕಾರ್ಖಾನೆಯೊಂದರ ನೌಕರ ನಿಜ, ಆದರೆ ಕೂತಿರುವುದು ರಜೆ ಮಂಜೂರು ಮಾಡುವ ವಿಭಾಗದಲ್ಲಿ. ಬೋಲ್ಟು ತಿರುಗಿಸುವ ಪಾನಾವನ್ನು ಯಾವ ತುದಿಯಲ್ಲಿ ಹಿಡಿಯಬೇಕೆಂದೂ ಗೊತ್ತಿಲ್ಲ. ತೋಳನ್ನು ಬಿಚ್ಚಿ, ಕಲ್ಲಾಗಿದ್ದ ಗ್ರೀಸನ್ನು ಡೀಸೆಲ್‌ನಲ್ಲಿ ತೊಳೆದೆವು. ಸವೆದ ಗೇರನ್ನು ಬಾಲಾನಗರದ ಲೇಥಿನವನ ಹತ್ತಿರ ಹೊಸದಾಗಿ ಮಾಡಿಸಿದೆ. "ಒಂಚೂರು ಬಿಗಿ ಮಾಡ್ತೀರೇನ್ರಿ?", "ಭಾಳ ಚಲೋ ಮಾಡಾಕತ್ತೀರಿ" ಎಂಬ ಅವರ ವಿನಯ, ಸುಳ್ಳು ಹೊಗಳಿಕೆಗಳ ನಡುವೆ ಕೆಲಸ ಸಾಗಿತು. ಕೊನೆಯ ಬೋಲ್ಟಿಗೆ ಬರುವಷ್ಟರಲ್ಲಿ ಅವರ ಸಹನೆ ಕಿತ್ತುಹೋಯಿತು.

"ಏ ಮಂಗ್ಯಾನ ಮಗನ! ಉಲ್ಟಾ ತಿರುವಾಕತ್ತೀಯಲ್ಲೋ!"

ಅಲ್ಲೇ ಬಿಸಿಲಿಗೆ ಮೆಣಸಿನಕಾಯಿ ಹರಡುತ್ತಿದ್ದ ಗಿರಿಜಾ ಹಾಗೇ ನಿಂತಳು. ಮಾವನವರ ಮುಖ ಬಿಳುಚಿಕೊಂಡಿತು. "ತಪ್ಪಾತ್ರಿ ಅಳಿಯಂದ್ರ..." ಎಂದು ಎದ್ದು ಮೆಟ್ಟಿಲ ಕಡೆ ಹೊರಟೇಬಿಟ್ಟರು. ಈ ಮನುಷ್ಯ ಮತ್ತೆ ಹೋಗಿ ಆ ಕುರ್ಚಿಯ ತುದಿಯಲ್ಲಿ ಕೂತರೆ? ನನಗೆ ತೋಚಿದ್ದು ಒಂದೇ. "ಮಾವಾರ, ಹಿಂಗೇನ್ರಿ?" ಎಂದು ಕೂಗಿ, ಬೇಕೆಂದೇ ಮತ್ತೆ ಉಲ್ಟಾ ತಿರುಗಿಸಿದೆ. ಅವರು ಹೊರಳಿ ನೋಡಿದರು. ತುಟಿ ಬಿಗಿಹಿಡಿದರು. ಬಾಯಿ ಕೇಳಲಿಲ್ಲ.

"ಲೇ ಕತ್ತಿ, ಬಲಕ್ಕ ತಿರುವೋ!"

ಅಳಿಯನನ್ನು ಕತ್ತೆ ಅಂದವರೇ ನಗತೊಡಗಿದರು. ನಗುನಗುತ್ತಾ ಕಣ್ಣೊರೆಸಿಕೊಂಡು, ವಾಪಸು ಬಂದು ನನ್ನ ಪಕ್ಕದಲ್ಲೇ ಕುಕ್ಕರಿಸಿದರು. ಗಿರಿಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸಂಜೆ ಗುಂಡಿ ಒತ್ತಿದೆವು. ಛತ್ರಿ ಒಮ್ಮೆ ಕೆಮ್ಮಿ, ಹಗ್ಗ, ಒದ್ದೆ ಬಟ್ಟೆಗಳ ಸಮೇತ ಪಶ್ಚಿಮಕ್ಕೆ ತಿರುಗಿತು. ಟಿವಿಯಲ್ಲಿ ಯಾವುದೋ ದೇಶದ ಹೆಂಗಸು ನಮಗೆ ತಿಳಿಯದ ಭಾಷೆಯಲ್ಲಿ ಅಡುಗೆ ಹೇಳಿಕೊಡುತ್ತಿದ್ದಳು. ಮೂವರೂ ಕೊನೆಯವರೆಗೂ ನೋಡಿದೆವು. ಊಟಕ್ಕೆ ಕೂತಾಗ ಮಾವನವರು ತಾವಾಗಿಯೇ "ಇನ್ನೊಂದು ರೊಟ್ಟಿ ಹಾಕವಾ" ಎಂದರು. ಗಿರಿಜಾ ಎರಡು ಹಾಕಿದಳು.

ಈಗ ನನ್ನ ಮರ್ಯಾದೆ ಪೂರಾ ಹೋಗಿದೆ. ಪೇಪರ್ ಮಡಚಿದ್ದಕ್ಕೆ, ಲುಂಗಿ ಕಟ್ಟಿದ್ದಕ್ಕೆ, ಎಲ್ಲಕ್ಕೂ ಬೈಗುಳ. ಮೊನ್ನೆ ಪಕ್ಕದ ಮನೆಯ ವಿಜಯಮ್ಮನವರು "ಮಿಕ್ಸಿ ತಿರಗಟ್ಲೇದಂಡಿ" ಎಂದು ತಿರುಗದ ಮಿಕ್ಸಿ ಹಿಡಿದು ಅಲವತ್ತುಕೊಂಡು ಬಂದರು. ಮಾವನವರು ನನ್ನ ಬೆನ್ನು ತಟ್ಟಿ, "ಇಲ್ಲೇ ಇಟ್ಟು ಹೋಗ್ರಿ, ನಮ್ಮ ಹುಡುಗ ಮಾಡ್ತಾನ" ಎಂದರು. ಭಾಷೆ ತಿಳಿಯದಿದ್ದರೂ ಆಕೆ ನಂಬಿ ಇಟ್ಟು ಹೋದರು. ನಿವೃತ್ತಿಯ ಹೊಸ್ತಿಲಲ್ಲಿರುವ ಹುಡುಗ ಹಿಗ್ಗಿ ಹೀರೇಕಾಯಿಯಾದ. ಬಿಚ್ಚುವುದೇನೋ ಬಂತು. ಜೋಡಿಸಿದ ಮೇಲೆ ಕೈಯಲ್ಲಿ ಒಂದು ಹಿಡಿ ಸ್ಕ್ರೂ ಉಳಿದವು. ವಿಜಯಮ್ಮನವರ ಅಂಗಳದಿಂದ ಈಗ ಬೆಳಗಾದರೆ ಒರಳುಕಲ್ಲಿನ ಸದ್ದು ಕೇಳಿಸುತ್ತದೆ. ಅದು ನಿಂತು, ಆಕೆ ಒಳಗೆ ಹೋದ ಮೇಲೆಯೇ ನಾನು ಆಫೀಸಿಗೆ ಹೊರಡುವುದು.