ಸ್ಟ್ರೈಕರನಿಗೆ ಹೆಣ್ಣು ಕೊಡುವವರು ಯಾರು?

ಫುಟ್‌ಬಾಲ್ ಆಡಿಯೇ ಹೊಟ್ಟೆ ಹೊರೆದುಕೊಂಡವನು ನಾನು. ಊರು ವಾಡಿ, ಗೋಲು ಹೊಡೆದದ್ದು ಗೋವಾ, ಕೇರಳ, ಕೋಲ್ಕತ್ತ, ಶಿಲ್ಲಾಂಗ್ ಎಂದು ಕರೆದಲ್ಲೆಲ್ಲ. ಮೈದಾನದಲ್ಲಿ ನನ್ನನ್ನು ಹಿಡಿಯಲು ಇಬ್ಬರು ಬೇಕಾಗುತ್ತಿತ್ತು. ಮೈದಾನದ ಹೊರಗೆ ನಮ್ಮ ಕಡೆಯ ಹಿರಿಯರು ಒಬ್ಬರೇ ಸಾಕು, ಮಾತಿನಲ್ಲೇ ಕೆಡವಿಬಿಡುತ್ತಾರೆ. ಅಂಥ ಪ್ರಸಂಗಗಳಿಗೆ ನನಗೆ ಯಾವತ್ತೂ ಬರವಿಲ್ಲ.

ಜಂಕ್ಷನ್ನಿನ ಬುತ್ತಿ

ಒಮ್ಮೆ ನಮ್ಮ ತಂಡ ಮುಂಬೈಯಿಂದ ಚೆನ್ನೈಗೆ ರೈಲಿನಲ್ಲಿ ಹೊರಟಿತ್ತು. ಕೋಚ್ ಬಲು ಕಟ್ಟುನಿಟ್ಟು. ಪಂದ್ಯ ಮುಗಿಯುವವರೆಗೆ ಖಾರ, ಎಣ್ಣೆ ಮುಟ್ಟಿದವರು ತಂಡದಿಂದ ಹೊರಗೆ ಎಂದಿದ್ದರು. ವಾಡಿ ಜಂಕ್ಷನ್ನಿನಲ್ಲಿ ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿಯ ಗಂಟು ಹಿಡಿದು ಬೋಗಿಯನ್ನೇ ಹತ್ತಿದಳು. ಕೋಚ್ ಕೈ ಅಡ್ಡ ಹಿಡಿದರು. ಕನ್ನಡ ಬಾರದವರಿಗೂ ತಿಳಿಯುವ ದನಿಯಲ್ಲಿ ಅವ್ವ ಗದರಿದಳು:

"ಓಡೋ ಹುಡುಗೋರನ್ನ ಉಪಾಸ ಕೆಡವ್ತೀರೇನ್ರಿ? ಮೊದಲ ನೀವ್ ಉಣ್ರಿ!"

ಒಂದು ತುಂಡಿಗೆ ಹಿಂಡಿ ಹಚ್ಚಿ ಅವರ ಕೈಗೇ ಇಟ್ಟು ಇಳಿದಳು. ರಾಯಚೂರು ಬರುವಷ್ಟರಲ್ಲಿ ಕೋಚ್ ನನ್ನ ಪಕ್ಕ ಬಂದು ಕುಳಿತು ಮೆಲ್ಲಗೆ ಕೇಳಿದರು: "ವಾಪಸ್ ಬರುವಾಗಲೂ ನಿಮ್ಮ ತಾಯಿ ಸ್ಟೇಷನ್ನಿಗೆ ಬರುತ್ತಾರಾ?"

ಚಿತ್ತಾಪುರದ ಅಜ್ಜ

ಅವ್ವನಿಗಿದ್ದುದು ಒಂದೇ ಚಿಂತೆ, ನನ್ನ ಮದುವೆ. ನನಗೂ ಇತ್ತು, ಹೇಳಿಕೊಳ್ಳುತ್ತಿರಲಿಲ್ಲ ಅಷ್ಟೆ. ಚಿತ್ತಾಪುರಕ್ಕೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಅಜ್ಜ ವಿಚಾರಣೆಗೆ ಕುಳಿತರು.

"ಏನ್ ಕೆಲಸ ತಮ್ಮಾ?"

"ಸ್ಟ್ರೈಕರ್ ಅಜ್ಜಾರ. ಗೋಲ್ ಹೊಡೀತೀನ್ರಿ."

"ಹೊಡೀದಿದ್ದಾಗ?"

"ಚೆಂಡು ಬರಲಿ ಅಂತ ಕಾಯ್ತೀನ್ರಿ."

"ಕಾಯಲಿಕ್ಕೂ ಪಗಾರ ಕೊಡ್ತಾರ?"

"ಕೊಡ್ತಾರ್ರಿ."

ಅಜ್ಜನಿಗೆ ಭಾರಿ ಖುಷಿಯಾಯಿತು. ಆದರೆ ವರ್ಷಕ್ಕೊಂದು ಕ್ಲಬ್, ಕ್ಲಬ್ಬಿಗೊಂದು ಊರು ಎಂದು ತಿಳಿದದ್ದೇ ಮುಖ ಸಪ್ಪಗಾಯಿತು. "ಹಂಗಾದ್ರ ಮೊದಲ ಬಾಣಂತನಕ್ಕ ಮೊಮ್ಮಗಳನ್ನ ಕರೀಲಾಕ ನಾವ್ ಯಾವ ಊರಿಗೆ ಬರಬೇಕಪಾ?" ಎಂದರು. ನಾವು ಚಾ ಕುಡಿದು ಎದ್ದು ಬಂದೆವು.

ಚಿಂಚೋಳಿಯ ಮೈದಾನ

ಆಮೇಲೆ ಸಿಕ್ಕವಳು ಚಿಮ್ಮನಚೋಡದ ಹುಡುಗಿ, ಶಾಲೆಯಲ್ಲಿ ಟೀಚರ್. ನೋಡಿದ ಕೂಡಲೇ ನನ್ನ ಮನಸ್ಸು ಅಲ್ಲೇ ನಿಂತಿತು. ಅವಳಿಗೂ ನಾನು ಒಪ್ಪಿಗೆಯಾದೆ. ಅವಳ ಅಪ್ಪ ಮಾತ್ರ ಗಟ್ಟಿ ಮನುಷ್ಯ. "ಚಿಂಚೋಳ್ಯಾಗ ಮ್ಯಾಚ್ ಅದ. ನಿಮ್ಮ ಕೆಲಸ ಕಣ್ಣಾರೆ ನೋಡಿ ಹೇಳ್ತೀನಿ" ಎಂದರು.

ನಾನು ಶಹಾಬಾದಿನ ಗೆಳೆಯರ ತಂಡಕ್ಕೆ ಆಡಿದೆ. ಎದುರು ತಂಡದ ಗೋಲ್‌ಕೀಪರ್ ಹುಡುಗಿಯ ಅಣ್ಣ. ಆಟ ಮುಗಿಯಲು ಬಂದರೂ ಯಾರದೂ ಗೋಲಿಲ್ಲ. ಎಲ್ಲರನ್ನೂ ದಾಟಿ ಚೆಂಡು ತಂದೆ, ಎದುರಿಗೆ ಆತನೊಬ್ಬನೇ. ನಾಳೆ ಅಳಿಯನಾಗಿ ಬರುವವನಿಗೆ ಬಾಗಿಲಲ್ಲಿ ಅಡ್ಡ ನಿಲ್ಲುವುದುಂಟೆ? ಆತ ಪಕ್ಕಕ್ಕೆ ಸರಿದು, ಗ್ಲೌಸ್ ಹಾಕಿದ ಎರಡೂ ಕೈ ಜೋಡಿಸಿ, "ಬರ್ರಿ, ಒಳಗ ಬರ್ರಿ" ಎಂದ.

ಇಷ್ಟು ಊರು ತಿರುಗಿದರೂ ಯಾವ ಗೋಲ್‌ಕೀಪರನೂ ನನಗೆ ಇಂಥ ಮರ್ಯಾದೆ ಕೊಟ್ಟಿರಲಿಲ್ಲ. ಗಾಬರಿಯಲ್ಲಿ ನಾನೂ ಕೈ ಮುಗಿದೆ, ಮುಗಿಯುತ್ತಲೇ ಒದ್ದೆ. ಚೆಂಡು ಗೋಲಿನ ಮೇಲಿಂದ ಹಾರಿ, ಮೈದಾನದಂಚಿನ ಭಜಿ ಬಂಡಿಯ ಹಿಟ್ಟಿನ ಪಾತ್ರೆಯೊಳಗೆ ಬಿತ್ತು.

ಮೈದಾನವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹುಡುಗಿ ಮುಖ ಮುಚ್ಚಿಕೊಂಡಳು. ನನಗೆ ಈ ಸಂಬಂಧವೂ ಹೋಯಿತು ಎಂದು ಅಳುವಂತಾಯಿತು. ಅವಳ ಅಪ್ಪ ನೆಟ್ಟಗೆ ನನ್ನ ಬಳಿ ಬಂದು, ನಗುತ್ತಿದ್ದ ಜನರ ಕಡೆ ತಿರುಗಿದರು.

"ನಗಬ್ಯಾಡ್ರಿ. ಪುಕ್ಕಟ ಕೊಟ್ಟ ಗೋಲೇ ಬ್ಯಾಡ ಅಂದ ಹುಡುಗ ಇಂವ, ನಾಳೆ ವರದಕ್ಷಿಣಿ ಏನ್ ಕೇಳ್ಯಾನು? ಮುಹೂರ್ತ ತೆಗಸ್ರಿ!"